ಹಿತ್ತಿಲ ಪಂಕ್ತಿ

ಆ ಮನೆಯಲ್ಲಿ ಜಗಳ ಹೊತ್ತಿಕೊಂಡದ್ದು ಒಂದು ಮೊಟ್ಟೆಯ ಸಿಪ್ಪೆಯಿಂದ.

ಕಲ್ಲಮ್ಮನವರು ಎಂದಿನಂತೆ ಬೆಳಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಲಿಂಗಪೂಜೆಗೆ ಪತ್ರೆ ಕೀಳಲು ಹಿತ್ತಿಲಿಗೆ ಹೋಗಿದ್ದರು. ಬಿಲ್ವದ ಬುಡದಲ್ಲಿ ಬೆಳ್ಳಗೆ ಏನೋ ಬಿದ್ದಿತ್ತು. ಗೋಡೆಯ ಸುಣ್ಣದ ಚಕ್ಕೆಯಿರಬೇಕೆಂದು ಬಗ್ಗಿ ಎತ್ತಿಕೊಂಡವರು ಕೆಂಡ ಮುಟ್ಟಿದವರ ಹಾಗೆ ಕೈ ಕೊಡವಿದರು.

"ಲೇ ತ್ರಿವೇಣೀ! ಬಾ ಇಲ್ಲಿ!"

ಒಳಗೆ ದೊಡ್ಡ ಪಾತ್ರೆಯಲ್ಲಿ ರಾಗಿ ಗಂಜಿ ತಿರುವುತ್ತಿದ್ದ ಸೊಸೆಗೆ ಆ ಕೂಗು ಕೇಳಿದೊಡನೆ ಸಂಗತಿ ಏನೆಂದು ಗೊತ್ತಾಗಿಹೋಯಿತು. ಸೌಟನ್ನು ಅಲ್ಲೇ ಬಿಟ್ಟು ಬಂದಳು.

"ಏನಿದು?"

"ಕಾಗೆ ತಂದು ಹಾಕಿರ್ಬೇಕು ಬಿಡಿ ಅತ್ತೆ."

"ಕಾಗೆ ಬೇಯ್ಸಿ ಸುಲ್ದು ತಿಂತದೇನೇ? ನಾನು ತಿಂದಿಲ್ದೆ ಇರ್ಬೋದು, ಕಣ್ಣಂತೂ ಹೋಗಿಲ್ಲ."

ತ್ರಿವೇಣಿ ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ, ಹಲ್ಲುಜ್ಜುತ್ತ ಬಂದ ಎಂಟು ವರ್ಷದ ಮಗಳು ದೀಪಿಕಾ ಬಾಯಿ ತುಂಬ ನೊರೆ ಇಟ್ಟುಕೊಂಡೇ ಹೇಳಿಬಿಟ್ಟಳು.

"ಅದು ನಂದಲ್ಲ ಅಜ್ಜಿ. ನಂದು ಸಿಪ್ಪೇನ ಗಂಗಕ್ಕ ಆವಾಗ್ಲೇ ಎತ್ಕೊಂಡೋದ್ಲು."

ಕಲ್ಲಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಹೋದ ಶಿವರಾತ್ರಿಯಲ್ಲಿ ತಾವೇ ಮಠಕ್ಕೆ ಕರೆದುಕೊಂಡು ಹೋಗಿ ಆ ಮಗುವಿಗೆ ಲಿಂಗದೀಕ್ಷೆ ಮಾಡಿಸಿದ್ದರು. ಮೊಮ್ಮಗಳ ಕೊರಳಿನ ಲಿಂಗದ ದಾರವನ್ನೇ ನೋಡಿದರು.

ಅದೇ ಹೊತ್ತಿಗೆ ಹಿತ್ತಿಲ ಬಾಗಿಲು ಕಿರ್ರೆಂದಿತು. ಮಗ ಶಿವಮೂರ್ತಿ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಒಳಗೆ ಬಂದ. ಅವನ ಹಿಂದೆ ಹನ್ನೆರಡು ಹುಡುಗಿಯರು, ಮೊಣಕಾಲಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡವರು, ಬೆವರು ಒರೆಸಿಕೊಳ್ಳುತ್ತ, ಗಂಜಿಯ ವಾಸನೆಗೆ ನಗುತ್ತ ಬಂದವರು, ಮುದುಕಮ್ಮನ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಶಿವಮೂರ್ತಿ, ಈ ಮನೇಲಿ ಮೊಟ್ಟೆ ಬೇಯ್ಸಿದ್ಯಾ?"

"ಒಳಗಲ್ಲ ಕಣವ್ವ. ಬಚ್ಚಲೊಲೇಲಿ."

"ಬಚ್ಚಲು ಮನೇದಲ್ವೇನ್ಲಾ? ನಿಮ್ಮಪ್ಪ ಇದೇ ಬಚ್ಚಲಲ್ಲಿ ಮಿಂದು ಲಿಂಗ ಹಿಡ್ಕೊಂಡು ಒಳಕ್ಕೆ ಬರ್ತಿದ್ದದ್ದು!"

ಹುಡುಗಿಯರಲ್ಲಿ ಎಲ್ಲರಿಗಿಂತ ಎತ್ತರದವಳು, ಸಿದ್ದಗಂಗಮ್ಮ ಎಂಬವಳು, ಮೆಲ್ಲಗೆ ಹಿಂದಿನವರನ್ನು ತಳ್ಳಿಕೊಂಡು ಹೊರಗೆ ನಡೆದಳು. ಆ ದಿನ ಗಂಜಿ ಯಾರೂ ಕುಡಿಯಲಿಲ್ಲ. ಹಸುವಿಟ್ಟಿದ್ದ ಪಕ್ಕದ ಮನೆಯವರಿಗೆ ಅದನ್ನು ತ್ರಿವೇಣಿಯೇ ಹೊತ್ತುಕೊಂಡು ಹೋಗಿ ಕೊಟ್ಟಳು.

ಶಿವಮೂರ್ತಿ ಗುಬ್ಬಿಯ ಒಂದು ಅನುದಾನಿತ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿಯ ಮಾತು ಇದು. ಆ ಸ್ಕೂಲಿಗೆ ಪಿ.ಟಿ. ಮೇಷ್ಟ್ರಿದ್ದರೇ ಹೊರತು ಆಟದ ಸಾಮಾನಿರಲಿಲ್ಲ. ಒಂದು ಗಾಳಿ ಹೋದ ವಾಲಿಬಾಲು, ಒಂದು ಕಬ್ಬಿಣದ ಗುಂಡು, ಇಷ್ಟೇ. ಆಟದ ಪೀರಿಯಡ್ಡಿನಲ್ಲಿ ಗಣಿತದ ಮೇಡಂ ಪಾಠ ಮುಗಿಸುತ್ತಿದ್ದರು. ಕಬಡ್ಡಿಗೆ ಸಾಮಾನೇ ಬೇಡ, ನೆಲವೊಂದಿದ್ದರೆ ಸಾಕು ಎಂದು ಶಿವಮೂರ್ತಿ ಕಬಡ್ಡಿ ಹಿಡಿದ. ಕಲ್ಲು ಆಯ್ದು, ನೀರು ಹಾಕಿ, ನೆಲ ಹದ ಮಾಡಿದ. ಹುಡುಗಿಯರು ಬಂದರು.

ಸಿದ್ದಗಂಗಮ್ಮ ಬಂದದ್ದು ಹಾಗೆ. ಗಂಗ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ತಂದೆ ಚಿಕ್ಕಮಾರಯ್ಯ ಮಂಡಿಗಳಲ್ಲಿ ತೆಂಗಿನಕಾಯಿ ಸುಲಿಯುವವನು. ಒಂಬತ್ತನೇ ಕ್ಲಾಸಿಗೆ ಬಿಡಿಸಬೇಕೆಂದಿದ್ದವನು, ಮೇಷ್ಟ್ರ ಮಾತಿಗೆ ಒಪ್ಪಿ ಇನ್ನೊಂದು ವರ್ಷ ತಳ್ಳಿದ್ದ. "ಜಿಲ್ಲಾ ಮಟ್ಟದಲ್ಲಿ ಆಡಿದ್ರೆ ಅಲ್ಲೇ ನೋಡಿ ಆರಿಸ್ಕೊಳ್ತಾರೆ, ಕ್ರೀಡಾ ಹಾಸ್ಟೆಲು ಸಿಕ್ಕುತ್ತೆ. ಊಟ, ಓದು ಎಲ್ಲ ಸರ್ಕಾರದ್ದು. ನಿನಗೆ ಒಂದು ಭಾರ ಇಳಿಯುತ್ತೆ" ಎಂದು ಶಿವಮೂರ್ತಿ ಅವನಿಗೆ ಹೇಳಿದ್ದ. ಗಂಗ ಎದುರಾಳಿಗಳ ಕಡೆಗೆ ಉಸಿರು ಹಿಡಿದು ನುಗ್ಗಿದಳೆಂದರೆ ಮುಟ್ಟದೆ ವಾಪಸು ಬರುವವಳಲ್ಲ.

ಅವಳು ಜೂನ್ ತಿಂಗಳ ಒಂದು ಬೆಳಗ್ಗೆ ಆಡುತ್ತ ಆಡುತ್ತಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ಲ ಕಣ್ರಿ ಈ ಹುಡುಗಿಗೆ. ಆಟ ಆಡಿಸೋದು ಆಮೇಲೆ, ಮೊದಲು ತಿನ್ನೋಕೆ ಹಾಕಿ" ಎಂದರು. ಶಿವಮೂರ್ತಿ ಹೆಡ್ಮಾಸ್ಟರ ಹತ್ತಿರ ಹೋದ. ಸ್ಕೂಲಿನಲ್ಲಿ ಅದಕ್ಕೆ ದುಡ್ಡಿಲ್ಲ ಎಂದರು. ಮಾರನೆಯ ದಿನ ಹುಡುಗಿಯರನ್ನು ಮನೆಗೇ ಕರೆದುಕೊಂಡು ಬಂದ.

ಮೊದಮೊದಲು ಕಲ್ಲಮ್ಮನಿಗೂ ಅದು ಸಂತೋಷದ ವಿಷಯವೇ ಆಗಿತ್ತು. "ದಾಸೋಹ ಅಂದ್ರೆ ಇದೇ ಕಣವ್ವ" ಎಂದು ಹಿತ್ತಿಲಲ್ಲಿ ಸಾಲಾಗಿ ಕೂತವರಿಗೆ ತಾವೇ ಮಜ್ಜಿಗೆ ಬಡಿಸುತ್ತಿದ್ದರು. ಗಂಗನಿಗೆ ಎರಡು ಲೋಟ. "ಉದ್ದ ಇದೀಯ, ಕೆಳಕ್ಕೆ ಇಳಿಯೋಷ್ಟ್ರಲ್ಲಿ ಖಾಲಿ ಆಯ್ತದೆ, ಕುಡಿ" ಎನ್ನುವರು. ಗಂಜಿ, ನೆನೆಸಿದ ಕಡಲೆಕಾಯಿ ಬೀಜ, ಮೊಳಕೆ ಹೆಸರುಕಾಳು. ಹನ್ನೆರಡು ಜನಕ್ಕೆ ಬೆಳಗಾಗೆದ್ದು ಇದೆಲ್ಲ ಮಾಡುತ್ತಿದ್ದವಳು ತ್ರಿವೇಣಿ. ಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ನಲ್ಲಿಯಲ್ಲಿ ನೀರು ಬಂದ ಹೊತ್ತಿಗೆ ಕೊಡ ತುಂಬಿಸಿ, ದೀಪಿಕಾಳ ಜಡೆ ಹಾಕಿ, ಅತ್ತೆಯ ಪೂಜೆ ಸಾಮಾನು ಬೆಳಗಿ, ಮತ್ತೆ ಹನ್ನೆರಡು ಲೋಟ, ಹನ್ನೆರಡು ತಟ್ಟೆ ತೊಳೆದಿಟ್ಟು. ಆ ಹುಡುಗಿಯರು ತೊಳೆಯಲು ಬಂದರೆ, "ಹೋಗ್ರಮ್ಮ, ಸ್ಕೂಲು ಬೆಲ್ ಹೊಡೆದ್ಬಿಡ್ತಾರೆ" ಎಂದು ಕಳಿಸಿಬಿಡುತ್ತಿದ್ದಳು.

ಆಮೇಲೆ ಡಾಕ್ಟರು ಮೊಟ್ಟೆ ಎಂದರು. ಶಿವಮೂರ್ತಿ ಹೆಂಡತಿಯ ಮುಖ ನೋಡಿದ. ತ್ರಿವೇಣಿ ತುಮಕೂರಿನಲ್ಲಿ ಓದಿ ಬೆಳೆದವಳು, ಅವಳಿಗೆ ಅದೇನು ಅಂಥ ದೊಡ್ಡ ಮಾತಲ್ಲ. ಆದರೆ ಅತ್ತೆ? "ಅವ್ವ ಪೂಜೆಗೆ ಕೂತಾಗ ಬೇಯಿಸಿದ್ರಾಯ್ತು" ಎಂದ ಅವನು. ಹೀಗೆ ಎರಡು ತಿಂಗಳು ನಡೆದಿತ್ತು.

ಸಿಪ್ಪೆ ಸಿಕ್ಕಿದ ಮೇಲೆ ಕಲ್ಲಮ್ಮ ಎರಡು ದಿನ ಆ ಮನೆಯ ಅಡುಗೆ ಮುಟ್ಟಲಿಲ್ಲ. ಬಾಳೆಹಣ್ಣು ತಿಂದುಕೊಂಡು ಪಡಸಾಲೆಯಲ್ಲಿ ಕೂತರು.

"ಸರ್ಕಾರ ಸಂಬಳ ಕೊಡೋದು ನಿಂಗೆ ಸೀಟಿ ಊದೋಕೆ. ಹೊಟ್ಟೆಗೆ ಹಾಕು ಅಂತ ಯಾರು ಹೇಳಿದ್ರು?" ಎಂದು ಮಗನನ್ನು ಕೇಳಿದರು.

"ಸ್ಕೂಲು ಕೊಡಲ್ಲ ಅಂದ್ರೆ ಏನ್ಮಾಡ್ಲವ್ವ? ಬೀಳ್ಲಿ ಅಂತ ಬಿಟ್ಬಿಡ್ಲಾ?"

"ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡ ಕಣ್ಲಾ. ಸ್ವಂತ ಮಗಳ ಶೂ ನೋಡಿದ್ಯಾ? ಹೆಬ್ಬೆಟ್ಟು ಹೊರಕ್ಕೆ ಬಂದೈತೆ. ಆ ಹೆಣ್ಮಕ್ಳಿಗೆ ಮೊಣಕಾಲಿಗೆ ಹಾಕೋ ಚೀಲ ತಂದವ್ನೆ!"

ಮೂರನೇ ದಿನ ಕಲ್ಲಮ್ಮ ಬಟ್ಟೆ ಗಂಟು ಕಟ್ಟಿಕೊಂಡರು. ಕುಣಿಗಲ್ಲಿನಲ್ಲಿ ಮಗಳು ಸ್ವರ್ಣಲತಾ ಇದ್ದಳು. "ಮೊಟ್ಟೆ ಬೇಯೋದು ನಿಂತ ದಿನ ಹೇಳಿ ಕಳ್ಸಿ" ಎಂದು ಬಸ್ಸು ಹತ್ತಿದರು. ದೀಪಿಕಾ ಅಜ್ಜಿಯ ಸೆರಗು ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲೇ ಅತ್ತಳು. ಮನೆಗೆ ಬಂದು, "ನಾನು ಇನ್ಮೇಲೆ ತಿನ್ನಲ್ಲಮ್ಮ, ಅಜ್ಜೀನ ಕರ್ಸು" ಎಂದಳು.

ಹುಡುಗಿಯರು ಮತ್ತೆ ಬರತೊಡಗಿದರು. ಆದರೆ ಮೊದಲಿನ ಗಲಾಟೆ ಇರಲಿಲ್ಲ. ಗಂಗ ಮಾತ್ರ ತಿಂದಾದ ಮೇಲೆ ಸಿಪ್ಪೆಯನ್ನೆಲ್ಲ ಕಾಗದದಲ್ಲಿ ಕಟ್ಟಿ ಲಂಗದ ಮಡಿಲಿಗೆ ಹಾಕಿಕೊಳ್ಳುವಳು.

"ಅಜ್ಜಿ ನಮ್ಮಿಂದ ಹೋದ್ರಾ ಅಮ್ಮಾರೆ?" ಎಂದು ಕೇಳಿದಳು ಒಂದು ದಿನ.

"ಇಲ್ಲಮ್ಮ, ಮಗಳ ಮನೆಗೆ ಹೋಗವ್ರೆ. ಹೋಗ್ಬಾರ್ದಾ?" ಎಂದಳು ತ್ರಿವೇಣಿ. ಗಂಗ ನಂಬಲಿಲ್ಲವೆಂಬುದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

ಗಣಪತಿ ಹಬ್ಬ ಮುಗಿದ ವಾರ ತಾಲ್ಲೂಕು ಪಂದ್ಯ ನಡೆಯಿತು. ಟೀಮು ಗೆದ್ದಿತು. ಹೆಡ್ಮಾಸ್ಟರು ರಾಮಾಂಜಿನಯ್ಯನವರು ಸಂಜೆ ಕಾಲು ಕೇಜಿ ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೇ ಬಂದರು. ಒಳ್ಳೆಯ ಮನುಷ್ಯ. ಕಾಫಿ ಕುಡಿಯುತ್ತ, "ನಮ್ಮ ಶಾಲೆ ಹೆಸರು ಪೇಪರಲ್ಲಿ ಬಂತು ಮೇಷ್ಟ್ರೆ. ಜಿಲ್ಲೆಗೂ ಹೀಗೇ ಕರ್ಕೊಂಡು ಹೋಗಿ ಬನ್ನಿ" ಎಂದರು.

ತ್ರಿವೇಣಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಖರ್ಚು ಯಾರ್ದು ಸಾರ್?"

ರಾಮಾಂಜಿನಯ್ಯ ಲೋಟ ಕೆಳಗಿಟ್ಟರು. "ನಿಮಗೆ ಗೊತ್ತಿಲ್ಲದ್ದೇನಮ್ಮ. ಇಲಾಖೆ ಸಂಬಳ ಬಿಟ್ಟರೆ ಬಿಡಿಗಾಸು ಕೊಡಲ್ಲ. ಮಳೆ ಬಂದರೆ ಎರಡು ಕೊಠಡಿ ಸೋರ್ತವೆ. ಇನ್ನೂರು ಮಕ್ಕಳು ಕೊಡೆ ಹಿಡ್ಕೊಂಡು ಪಾಠ ಕೇಳ್ತವ್ರೆ. ಎಸ್ಸೆಸ್ಸೆಲ್ಸಿ ರಿಸಲ್ಟು ಬಿದ್ದುಹೋಗಿದೆ. ಇನ್ನೂರು ಮಕ್ಕಳ ಸೂರು ಬಿಟ್ಟು ಹನ್ನೆರಡು ಮಕ್ಕಳ ಆಟಕ್ಕೆ ಕೊಡಿ ಅಂದರೆ ಕಮಿಟಿಯವರು ಏನಂತಾರೆ ಹೇಳಿ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ."

"ಫೀಸಿನ ಜೊತೆ ಕ್ರೀಡಾ ಶುಲ್ಕ ಅಂತ ಎಲ್ಲ ಮಕ್ಕಳ ಹತ್ರಾನೂ ಈಸ್ಕೊಳ್ತೀರಲ್ಲ ಸಾರ್?"

"ಅದೂ ಸೂರಿಗೇ ಹೋಗ್ತದಮ್ಮ. ಮುಚ್ಚಿಟ್ಟು ಏನು ಮಾಡಲಿ."

ಅವರು ಹೋದ ಮೇಲೆ ಮೈಸೂರುಪಾಕಿನ ಪೊಟ್ಟಣ ಯಾರೂ ಬಿಚ್ಚದೆ ಹಾಗೇ ಉಳಿಯಿತು. ಶಿವಮೂರ್ತಿ ಊಟಕ್ಕೆ ಕೂತ. ಮುದ್ದೆಗೆ ಬಸ್ಸಾರು ಹಾಕುತ್ತ ತ್ರಿವೇಣಿ ಹೇಳಿದಳು.

"ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕೊಡೋವರೆಗೂ ಅವ್ರು ಕೊಡಲ್ಲ."

"ಅಂದ್ರೆ?"

"ಹೋದ ವರ್ಷ ಖೋಖೋ ಟೀಮನ್ನ ಕರ್ಕೊಂಡು ಹೋದ್ರಿ, ಕೈಯಿಂದ ಹಾಕಿದ್ರಿ. ಈ ವರ್ಷ ಮನೇನೇ ಹಾಸ್ಟೆಲ್ ಮಾಡಿದ್ರಿ. ಪೇಪರಲ್ಲಿ ಹೆಸರು ಅವ್ರದ್ದು. ಇಲ್ಲೊಬ್ಬ ಇದಾನೆ, ಹೆಂಗೋ ಮಾಡ್ತಾನೆ ಅಂತ ಅವ್ರಿಗೆ ಗೊತ್ತು. ಆಮೇಲೆ ಯಾಕೆ ಕೊಡ್ತಾರೆ? ನೀವು ರಿಟೈರಾದ ದಿನ ಆ ಸ್ಕೂಲಲ್ಲಿ ಆಟಾನೂ ರಿಟೈರು. ಮಕ್ಕಳ ಆಟ ಸ್ಕೂಲಿನ ಕೆಲಸ ಹೌದೋ ಅಲ್ವೋ? ಹೌದು ಅಂದ್ರೆ ಅವ್ರೇ ಮಾಡ್ಲಿ."

ಶಿವಮೂರ್ತಿ ತುತ್ತು ಕೈಯಲ್ಲೇ ಹಿಡಿದು ಕೂತ. "ಈ ಸಲ ಒಂದು..."

"ಪ್ರತಿ ಸಲಾನೂ ಈ ಸಲ ಒಂದು. ಅತ್ತೆ ಮನೆ ಬಿಟ್ಟು ಹೋಗಿದಾರೆ. ನಾದಿನಿ ನನ್ನನ್ನ ಕಂಡ್ರೆ ಮುಖ ತಿರುಗಿಸ್ತಾಳೆ. ನನ್ನ ಬೆನ್ನು ನೆಟ್ಟಗೆ ನಿಲ್ತಿಲ್ಲ ರೀ."

ಆ ಕೊನೆಯ ಮಾತಿಗೆ ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಹೇಳಿದ್ದೆಲ್ಲ ನ್ಯಾಯದ ಮಾತು. ಅದರಲ್ಲಿ ಎಷ್ಟು ನ್ಯಾಯ, ಎಷ್ಟು ದಣಿವು ಎಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಶಿವಮೂರ್ತಿ ಹೆಡ್ಮಾಸ್ಟರಿಗೆ ಹೇಳಿಬಂದ. ಬಸ್ಸು, ಊಟ, ಉಳಿಯುವ ಖರ್ಚು ಶಾಲೆ ಕೊಟ್ಟರೆ ಮಾತ್ರ ಟೀಮು ಹೊರಡುತ್ತದೆ. ಕಮಿಟಿಯ ಕಾರ್ಯದರ್ಶಿ ವೆಂಕಟರಂಗಯ್ಯನವರು ಅದನ್ನು ಕೇಳಿ ನಕ್ಕರಂತೆ. "ಹೋಗ್ತಾರೆ ಬಿಡ್ರಿ. ಬಿಟ್ಟಿರೋಕಾಗಲ್ಲ ಆ ಮನುಷ್ಯನಿಗೆ" ಎಂದರಂತೆ. ಹಿತ್ತಿಲ ಪಂಕ್ತಿಯೂ ನಿಂತಿತು. ಸ್ಕೂಲಿನಲ್ಲೇ ಕೊಡುವ ಏರ್ಪಾಡಾಗುತ್ತದೆಂದು ಹುಡುಗಿಯರಿಗೆ ಹೇಳಿದ್ದಾಯಿತು. ಕುಣಿಗಲ್ಲಿಗೆ ಹೇಳಿಕಳಿಸಿದರು, ಕಲ್ಲಮ್ಮ ಬಂದರು. ಬಚ್ಚಲೊಲೆಯನ್ನು ಸಗಣಿಯಲ್ಲಿ ಸಾರಿಸಿ, ವಿಭೂತಿ ಹಾಕಿ, ಆಮೇಲೆ ಒಳಗೆ ಕಾಲಿಟ್ಟರು. ಮನೆ ಹಗುರಾದಂತಾಯಿತು. ತ್ರಿವೇಣಿ ಎಷ್ಟೋ ದಿನದ ಮೇಲೆ ಬೆಳಕು ಹರಿಯುವ ತನಕ ನಿದ್ದೆ ಮಾಡಿದಳು.

ಕಮಿಟಿಯವರು ಬಗ್ಗುತ್ತಾರೆಂದೇ ಶಿವಮೂರ್ತಿ ನಂಬಿದ್ದ. ಹಾಗಾಗಿ ಟೀಮು ಹೊರಡದೆ ಇರಬಹುದೆಂದು ಹುಡುಗಿಯರಿಗೆ ಹೇಳಿರಲಿಲ್ಲ. ಪಂದ್ಯದ ದಿನ ಬೆಳಗ್ಗೆ ಅಷ್ಟೂ ಜನ ಮನೆಯ ಮುಂದೆ ಬಂದು ನಿಂತರು. ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ ಹಿಡಿದು.

ಶಿವಮೂರ್ತಿ ಪಡಸಾಲೆಯ ಕುರ್ಚಿಯಲ್ಲಿ ಬನಿಯನ್ನಿನಲ್ಲೇ ಕೂತಿದ್ದ. ಎದ್ದು ಹೋಗಿ ಹೇಳುವುದು ಅವನಿಂದಾಗಲಿಲ್ಲ. ತ್ರಿವೇಣಿಯೇ ಜಗುಲಿಗೆ ಬಂದಳು.

"ಸ್ಕೂಲಿನವ್ರು ದುಡ್ಡು ಕೊಟ್ಟಿಲ್ಲ ಕಣ್ರಮ್ಮ. ಈ ಸಲ ಟೀಮು ಹೋಗ್ತಿಲ್ಲ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಅಲ್ಲೇ ಅಳಲು ಶುರುಮಾಡಿದಳು. ಗಂಗ ಮುಂದೆ ಬಂದು, ತ್ರಿವೇಣಿಯನ್ನು ದಾಟಿ ಒಳಗಿದ್ದ ಮೇಷ್ಟ್ರಿಗೆ ಕೇಳುವ ಹಾಗೆ ಹೇಳಿದಳು.

"ಸಾರ್, ಊಟ ಬೇಡ ಸಾರ್, ಬುತ್ತಿ ಕಟ್ಕೊಂಡಿದೀವಿ. ತೆಂಗಿನಕಾಯಿ ಲಾರಿ ತುಮಕೂರಿಗೆ ಹೊರಡ್ತದೆ ಸಾರ್ ಈಗ. ಡ್ರೈವರ್ರು ನಮ್ಮಪ್ಪಂಗೆ ಗೊತ್ತು. ಕಾಯಿ ಮೇಲೆ ಕೂತ್ಕೊಂಡು ಹೋಗ್ತೀವಿ. ನೀವು ಬಂದ್ರೆ ಸಾಕು ಸಾರ್."

ಕುರ್ಚಿ ಸರಿದ ಸದ್ದಾಯಿತು. ಶಿವಮೂರ್ತಿ ಎದ್ದು ಗೂಟದಲ್ಲಿದ್ದ ಅಂಗಿಗೆ ಕೈ ಹಾಕಿದ್ದ. ತ್ರಿವೇಣಿ ಒಳಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು.

"ಇವತ್ತು ಲಾರೀಲಿ ಕರ್ಕೊಂಡು ಹೋದ್ರೆ ಮುಂದಿನ ವರ್ಷಾನೂ ಲಾರೀನೇ. ಅವ್ರು ನಗ್ತಾ ಕೂತಿರ್ತಾರೆ. ನೋಡಿ, ನಿಮ್ಮಿಷ್ಟ."

ಅಂಗಿಯ ಮೇಲಿದ್ದ ಕೈ ಹಾಗೇ ನಿಂತಿತು. ಆಮೇಲೆ ಕೆಳಗಿಳಿಯಿತು. ಅವನು ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೊರಗೆ ಗಂಗ, "ಆಯ್ತು ಸಾರ್" ಎಂದಳು. ಅಷ್ಟೇ. ತ್ರಿವೇಣಿ ಮತ್ತೆ ಜಗುಲಿಗೆ ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ದಸರಾ ರಜ ಮುಗಿದು ಸ್ಕೂಲು ತೆರೆದಾಗ ಗಂಗ ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು. "ನಾನು ಹೋಗಲಾರೆ ಕಣೇ. ಅವಳಪ್ಪನ ಮುಖ ನೋಡೋಕಾಗಲ್ಲ" ಎಂದ ಶಿವಮೂರ್ತಿ. ತ್ರಿವೇಣಿ ಒಬ್ಬಳೇ ಹೋದಳು.

ಊರಾಚೆ ತೆಂಗಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಚಿಕ್ಕಮಾರಯ್ಯನ ಮನೆ. ಅವನು ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದವನು, ಮೇಷ್ಟ್ರ ಮನೆಯವರು ಬಂದರೆಂದು ಎದ್ದು ನಿಂತ. ಒಳಗಿನಿಂದ ಚಾಪೆ ತಂದು ಹಾಸಿದ.

"ಗಂಗ ಎಲ್ಲಪ್ಪ?"

"ತುಮಕೂರು ತಾವ ಹಿರೇಹಳ್ಳೀಲಿ ಅವಳ ಚಿಕ್ಕಮ್ಮ ಅವ್ಳೆ ತಾಯಿ. ಅಲ್ಲಿ ಫ್ಯಾಕ್ಟರೀಲಿ ಪ್ಯಾಕಿಂಗ್ ಕೆಲ್ಸ. ಉದ್ದಕ್ಕವ್ಳಲ್ಲ, ಹದಿನೆಂಟು ಅಂದ್ರೆ ನಂಬ್ಕಂಡ್ರು."

"ಎಸ್ಸೆಸ್ಸೆಲ್ಸಿ ಮುಗಿಸೋವರೆಗಾದ್ರೂ ಬಿಡಬಾರ್ದಾಗಿತ್ತಾ?"

"ಓದು ಅವಳಿಗೆ ಹತ್ತಾ ಇರ್ಲಿಲ್ಲ ತಾಯಿ. ಆಟ ಐತೆ ಅಂತ ಸ್ಕೂಲಿಗೆ ಹೋಗೋಳು. ಹಾಸ್ಟೆಲು ಸಿಕ್ತದೆ ಅಂದಿದ್ರು ಮೇಷ್ಟ್ರು, ನಾನೂ ಕಾದೆ." ಬೀಡಿಯನ್ನು ನೆಲಕ್ಕೊತ್ತಿ ಆರಿಸಿದ. "ಆವತ್ತು ಲಾರಿಗೆ ನಾನೇ ಹೇಳಿದ್ದೆ. ಮೇಷ್ಟ್ರು ಬರ್ತಾರೆ ಅಂತ ಡ್ರೈವರ್ರು ಬಿಸಿಲೇರೋಗಂಟ ನಿಲ್ಲಿಸ್ಕಂಡಿದ್ದ. ಸ್ಕೂಲು ಕೊಡಾಕಿಲ್ಲ ಅನ್ನೋದು ನಂಗೇನು ಹೊಸದಾ? ಸ್ಕೂಲ್ನ ನಾನು ಯಾವತ್ತೂ ನಂಬಿರ್ಲಿಲ್ಲ. ಮೇಷ್ಟ್ರನ್ನ ನಂಬಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ತ್ರಿವೇಣಿಗೆ ಉತ್ತರ ಹೇಳಲು ಬರುತ್ತಿತ್ತು. ಹೊರಡುವಾಗ ಅವನು ಎರಡು ಎಳನೀರು ಕೊಚ್ಚಿ ಕೈಗೆ ಕೊಟ್ಟ, ಒಂದು ಅವಳಿಗೆ, ಒಂದು ಮನೆಯಲ್ಲಿದ್ದ ಮಗುವಿಗೆ.

ಮನೆಯಲ್ಲಿ ಕಲ್ಲಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತ್ರಿವೇಣಿ ಎದುರಿಗೆ ಕೂತು, ಒಂದು ಹಿಡಿ ಕಾಯಿ ಎತ್ತಿಕೊಂಡು, ನಡೆದದ್ದೆಲ್ಲ ಹೇಳಿದಳು. ಜಿಲ್ಲೆಗೆ ಟೀಮು ಹೋಗದೆ ಇದ್ದದ್ದು ಅತ್ತೆಗೆ ಗೊತ್ತಿತ್ತು. ಲಾರಿಯ ಮಾತು ಗೊತ್ತಿರಲಿಲ್ಲ. ಗಂಜಿ ಕೂಡ ನಿಂತದ್ದನ್ನು ಅವರು ಸ್ಕೂಲಿನ ಏರ್ಪಾಡೆಂದೇ ತಿಳಿದಿದ್ದರು. ಸ್ಕೂಲಿನಲ್ಲಿ ಒಂದು ಲೋಟ ಗಂಜಿಯೂ ಶುರುವಾಗಿರಲಿಲ್ಲ.

"ಉಪಾಸ ಕಳಿಸಿದ್ರಾ ಆ ಮಕ್ಕಳ್ನ ಇಷ್ಟು ದಿನ?" ಎಂದರು ಕಲ್ಲಮ್ಮ.

"ನೀವೇ ತಾನೆ ಅತ್ತೆ, ಮನೆ ಬಿಟ್ಟು ಹೋದೋರು?"

"ನಾನು ಮೊಟ್ಟೆ ಬೇಡ ಅಂದೆ ಕಣೇ. ಮಗು ಬೇಡ ಅಂದ್ನಾ?"

ಕಲ್ಲಮ್ಮನ ಕಣ್ಣಲ್ಲಿ ನೀರಿತ್ತು. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಶಿವಮೂರ್ತಿ ಪೇಪರು ಮಡಿಸಿಟ್ಟು ಹೊರಗೆ ಹೋದ. ಅದಾದ ಮೇಲೆ ಎಷ್ಟೋ ದಿನ ಆ ಮನೆಯಲ್ಲಿ ಜಗಳವಾಗಲಿಲ್ಲ. ಉಪ್ಪು ಹೆಚ್ಚಾದರೂ ಯಾರೂ ಹೇಳುತ್ತಿರಲಿಲ್ಲ. ದೀಪಿಕಾ ಒಬ್ಬಳೇ, "ಗಂಗಕ್ಕ ಯಾವಾಗ ಬರ್ತಾಳೆ?" ಎಂದು ಆಗಾಗ ಕೇಳುತ್ತಿದ್ದಳು.

ಮಾತಿನ ಹಾಗೇ ನಡೆಯಿತು ನೋಡಿ, ತ್ರಿವೇಣಿ ಹೇಳಿದ್ದ ಮಾತಿನ ಹಾಗೇ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ ಯಾಕೆ ಬರಲಿಲ್ಲವೆಂದು ಹೊಸದಾಗಿ ಬಂದ ಶಿಕ್ಷಣಾಧಿಕಾರಿಗಳು ವಾರ್ಷಿಕೋತ್ಸವದ ವೇದಿಕೆಯ ಮೇಲೇ ಕೇಳಿಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯರ ತಂದೆತಾಯಿಗಳು ಎದ್ದು ನಿಂತು ಕ್ರೀಡಾ ಶುಲ್ಕದ ಲೆಕ್ಕ ಕೇಳಿದರು. ವೆಂಕಟರಂಗಯ್ಯನವರ ಮುಖ ಹುಳ್ಳಗಾಯಿತು. ಮುಂದಿನ ಜೂನಿನಿಂದ ಕ್ರೀಡಾ ಶುಲ್ಕ ಕ್ರೀಡೆಗೇ ಎಂದು ಕಮಿಟಿಯಲ್ಲಿ ಠರಾವಾಯಿತು. ಅಂಗಳಕ್ಕೆ ಮಣ್ಣು ಬಿತ್ತು, ಹುಡುಗಿಯರಿಗೆ ನೀಲಿ ಜರ್ಸಿ ಬಂತು, ಬೆಳಗ್ಗೆ ಪ್ರಾಕ್ಟೀಸಾದ ಮೇಲೆ ಸ್ಕೂಲಿನಲ್ಲೇ ಹಾಲು, ಬೇಡವೆನ್ನದವರಿಗೆ ಮೊಟ್ಟೆ. ಎರಡು ಕೊಠಡಿಗಳಲ್ಲಿ ಒಂದರ ಸೂರು ರಿಪೇರಿಯಾಯಿತು, ಇನ್ನೊಂದು ಸೋರುತ್ತಲೇ ಇತ್ತು. "ನಮ್ಮ ಮೇಷ್ಟ್ರು ಪಟ್ಟು ಹಿಡಿದದ್ದಕ್ಕೇ ಇದೆಲ್ಲ ಆಯ್ತು" ಎಂದು ರಾಮಾಂಜಿನಯ್ಯನವರು ಎಲ್ಲರ ಮುಂದೆ ಹೇಳಿದರು. ಶಿವಮೂರ್ತಿ ತಲೆ ತಗ್ಗಿಸಿಕೊಂಡು ಕೇಳಿದ. ಎದುರಿಗಿದ್ದವರು ಅದನ್ನು ವಿನಯವೆಂದುಕೊಂಡರು.

ಆ ವರ್ಷವೂ ಟೀಮು ತಾಲ್ಲೂಕಿನಲ್ಲಿ ಗೆದ್ದು ಜಿಲ್ಲೆಗೆ ಹೊರಟಿತು. ಹೆಣ್ಣುಮಕ್ಕಳ ಜೊತೆಗೆ ಹೆಂಗಸೊಬ್ಬರು ಇರಲಿ ಎಂದು ಸ್ಕೂಲಿನವರೇ ತ್ರಿವೇಣಿಯನ್ನು ಕಳಿಸಿದರು. ತುಮಕೂರಿನ ಮೈದಾನದಲ್ಲಿ ಮಧ್ಯಾಹ್ನದ ಬಿಸಿಲು. ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಪೊಟ್ಟಣಗಳನ್ನು ಹಂಚುತ್ತಿದ್ದ ತ್ರಿವೇಣಿ ತಲೆ ಎತ್ತಿದರೆ ತಂತಿ ಬೇಲಿಯ ಆಚೆ ಗಂಗ ನಿಂತಿದ್ದಳು. ಸೀರೆ ಉಟ್ಟಿದ್ದಳು. ಅದರಲ್ಲಿ ಇನ್ನೂ ಎತ್ತರ ಕಾಣುತ್ತಿದ್ದಳು.

"ಗಂಗಾ! ಯಾವಾಗ್ ಬಂದ್ಯೇ?"

"ಬೆಳಗ್ಗೇನೇ ಬಂದೆ ಅಮ್ಮಾರೆ. ಇವತ್ತು ಕರೆಂಟಿಲ್ಲ ಅಂತ ಫ್ಯಾಕ್ಟರಿಗೆ ರಜ. ಪಂದ್ಯ ಅಂತ ಪೇಪರಲ್ಲಿ ನೋಡ್ದೆ." ಅವಳ ಕಣ್ಣು ಅಂಕಣದ ಮೇಲೇ ಇತ್ತು. "ಆ ಕುಳ್ಳಿ ಚೆನ್ನಾಗಿ ಆಡ್ತಾಳೆ. ವಾಪಸ್ ಬರೋವಾಗ ಮಾತ್ರ ಎಡಗಡೆ ನೋಡಲ್ಲ. ಸಾರ್ಗೆ ಹೇಳಿ."

"ನೀನೇ ಹೇಳು ಬಾ. ಒಳಗೆ ಬಾ."

"ಬೇಡಿ ಅಮ್ಮಾರೆ."

ತ್ರಿವೇಣಿ ಕೈಯಲ್ಲಿದ್ದ ಪೊಟ್ಟಣವನ್ನು ಬೇಲಿಯ ಮೇಲಿಂದ ಚಾಚಿದಳು. "ತಗೋ. ಚಿತ್ರಾನ್ನ, ಮೊಸರನ್ನ ಇದೆ. ತಿನ್ನು."

ಗಂಗ ಕೈ ಹಿಂದಕ್ಕೆ ಎಳೆದುಕೊಂಡಳು. "ಅದು ಸ್ಕೂಲ್ ಮಕ್ಕಳಿಗಲ್ವಾ ಅಮ್ಮಾರೆ. ನಂಗೆ ಹೆಂಗೆ ಕೊಡ್ತೀರ?"

ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ತ್ರಿವೇಣಿ, "ಒಂದು ಜಾಸ್ತಿ ಇದೆ ಕಣೇ, ನನ್ನಾಣೆ" ಎಂದು ಬಲವಂತ ಮಾಡಿದ ಮೇಲೆ ತೆಗೆದುಕೊಂಡಳು. ಬಿಚ್ಚಲಿಲ್ಲ. "ಚಿಕ್ಕಮ್ಮನ ಮಕ್ಕಳಿಗೆ ಆಯ್ತದೆ" ಎಂದು ಸೆರಗಿನಲ್ಲಿ ಸುತ್ತಿಕೊಂಡಳು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಟೀಮು ಅಂಕಣಕ್ಕಿಳಿಯಿತು. ಆಟ ಶುರುವಾಗಿ ಗುಬ್ಬಿಯ ಹುಡುಗಿಯೊಬ್ಬಳು ಎದುರಾಳಿಗಳ ಕಡೆಗೆ ನುಗ್ಗಿದಾಗ ತ್ರಿವೇಣಿ ಪಕ್ಕಕ್ಕೆ ತಿರುಗಿ ನೋಡಿದಳು. ಗಂಗ ಎರಡೂ ಕೈಯಲ್ಲಿ ತಂತಿ ಹಿಡಿದು, ತುಟಿ ಬಿಗಿದು, ಆ ಹುಡುಗಿ ವಾಪಸು ಗೆರೆ ಮುಟ್ಟುವ ತನಕ ತಾನೂ ಉಸಿರು ಹಿಡಿದಿದ್ದಳು. ಆಟ ಮುಗಿಯುವುದಕ್ಕೆ ಮುಂಚೆಯೇ, ಬಸ್ಸು ಸಿಕ್ಕುವುದಿಲ್ಲವೆಂದು ಹೊರಟುಹೋದಳು.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರು ಗೆದ್ದ ಕಪ್ಪು ಹಿಡಿದುಕೊಂಡು ಹಾಡುತ್ತಿದ್ದರು. ಶಿವಮೂರ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

"ನಾನೂ ನೋಡ್ದೆ ಕಣೇ ಅವಳ್ನ. ಮಾತಾಡಿಸೋಕೆ ಧೈರ್ಯ ಬರ್ಲಿಲ್ಲ."

ತ್ರಿವೇಣಿ ಅವನ ಕೈ ಮೇಲೆ ಕೈಯಿಟ್ಟಳು. ಗುಬ್ಬಿ ಬರುವವರೆಗೂ ತೆಗೆಯಲಿಲ್ಲ.

ಮನೆಯಲ್ಲಿ ಕಲ್ಲಮ್ಮ ಊಟಕ್ಕೆ ತಟ್ಟೆ ಹಾಕಿ ಕಾದಿದ್ದರು.

"ಗೆದ್ರೇನ್ಲಾ?"

"ಗೆದ್ರು ಕಣವ್ವ."

"ಮತ್ತೆ ಯಾಕೆ ಇಬ್ರೂ ಹಿಂಗೆ ಮುಖ ಇಟ್ಕೊಂಡಿದೀರ?"

ತ್ರಿವೇಣಿ ಕೈ ತೊಳೆದು ಬಂದು, ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು, ಮುದ್ದೆಗೆ ಸಾರು ಬಿಟ್ಟಳು.

"ಗಂಗ ಬಂದಿದ್ಲು ಅತ್ತೆ. ಬೇಲಿ ಹೊರಗೆ ನಿಂತು ನೋಡಿ ಹೋದ್ಲು."

ತುತ್ತು ಮುರಿಯಲು ಹೋದ ಕಲ್ಲಮ್ಮನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು.

"ಉಂಡ್ಲಾ?" ಎಂದರು.